ಸ್ವಲ್ಪದರಲ್ಲೇ ತಪ್ಪಿತು: ಮಲೆನಾಡಿನ ಮನೆ, ತೋಟ, ಕೆಲಸದ ಅಪಾಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಹದಿನಾಲ್ಕು ವರ್ಷ ಇದ್ದೆ. ಕೊನೆಯ ಆರು ವರ್ಷ ಸುರಕ್ಷತೆ ನೋಡಿಕೊಳ್ಳುವ ಕೆಲಸ. ಆಮೇಲೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ವಾಪಸ್ ಬಂದು ಅಪ್ಪನ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಕರಗಿದ ಕಬ್ಬಿಣದ ಪಕ್ಕ ನಿಂತಾಗ ಇದ್ದ ಎಚ್ಚರ ತೋಟದಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಸೊಸೈಟಿ ಕಟ್ಟೆಯಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಅಪಾಯ, ರಿಸ್ಕ್ ಎರಡೂ ಒಂದೇ ಅಲ್ವಾ?

ಮಾತಿನಲ್ಲಿ ಒಂದೇ, ಲೆಕ್ಕ ಹಾಕುವಾಗ ಬೇರೆ. ಮಳೆಗಾಲದಲ್ಲಿ ಅಂಗಳಕ್ಕೆ ಹಿಡಿಯುವ ಪಾಚಿ ಅಪಾಯ. ಆ ಪಾಚಿಯ ಮೇಲೆ ಯಾರು, ದಿನಕ್ಕೆ ಎಷ್ಟು ಸಲ ಓಡಾಡುತ್ತಾರೆ, ಬಿದ್ದರೆ ಏನಾಗುತ್ತದೆ ಎನ್ನುವುದು ರಿಸ್ಕ್. ಇಪ್ಪತ್ತರ ಹುಡುಗ ಜಾರಿದರೆ ಎದ್ದು ನಗುತ್ತಾನೆ. ಎಪ್ಪತ್ತೈದರ ಅಜ್ಜಿ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಪಾಚಿ ಅದೇ.

ಹಿಂದಿನವರು ಮನೆಯಿಂದ ಕೊಟ್ಟಿಗೆವರೆಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸುತ್ತಿದ್ದರು. ಯಾರೂ ಅದನ್ನು ಸುರಕ್ಷತೆ ಅಂತ ಕರೆಯಲಿಲ್ಲ. ಈಗ ಸಾವಿರಾರು ರೂಪಾಯಿ ಕೊಟ್ಟು ನುಣ್ಣಗಿನ ಟೈಲ್ಸ್ ಹಾಕಿಸುತ್ತೇವೆ, ಜುಲೈನಲ್ಲಿ ಅದರ ಮೇಲೆ ಗೋಡೆ ಹಿಡಿದುಕೊಂಡು ನಡೆಯುತ್ತೇವೆ.

ಮೂವತ್ತು ವರ್ಷದಿಂದ ಮರ ಹತ್ತುತ್ತಿದ್ದೇನೆ, ಏನೂ ಆಗಿಲ್ಲ. ಈಗ ಎಂತಕ್ಕೆ ತಲೆಬಿಸಿ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ನಿಜವಾಗಿಯೂ ಏನೂ ಆಗಿಲ್ವಾ?

ನಾನು ಊರಿಗೆ ಬಂದ ಮೊದಲ ವರ್ಷ ಕೊನೆ (ಅಡಿಕೆ ಗೊಂಚಲು) ಕೊಯ್ಲಿಗೆ ನೇಣು, ಅಂದರೆ ಕೊನೆ ಇಳಿಸುವ ಹಗ್ಗ, ಹಿಡಿದು ನಿಂತಿದ್ದೆ. ಮೇಲಿದ್ದ ಕೊನೆಗಾರರ (ಮರ ಹತ್ತಿ ಕೊನೆ ಕೊಯ್ಯುವವರ) ಕೈಯಿಂದ ಕತ್ತಿ ಜಾರಿತು. ನನ್ನ ಪಾದದಿಂದ ಒಂದು ಗೇಣು ದೂರದಲ್ಲಿ ನೆಲಕ್ಕೆ ನೆಟ್ಟಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೇಲಿನಿಂದಲೇ ಅವರು, 'ನಿಮ್ಮ ಆಯುಷ್ಯ ಗಟ್ಟಿ ಇದೆ ಬಿಡಿ' ಅಂದರು. ಎಲ್ಲರೂ ನಕ್ಕೆವು. ಹತ್ತು ಗಂಟೆ ಚಹಾಕ್ಕೆ ಅದೇ ಕಥೆ. ಮಧ್ಯಾಹ್ನದ ಊಟಕ್ಕೆ ಅದು ಇನ್ನೂ ಚೆಂದ ಆಗಿತ್ತು. ಸಂಜೆವರೆಗೂ ನಾನು ಅದೇ ಜಾಗದಲ್ಲಿ, ಮರದ ಬುಡದಲ್ಲೇ ನಿಂತಿದ್ದೆ!

ಫೌಂಡ್ರಿಯಲ್ಲಿ ಇಂಥದ್ದು ಆಗಿದ್ದರೆ ಪುಸ್ತಕದಲ್ಲಿ ಬರೆಯಬೇಕಿತ್ತು. ಗಾಯ ಆಗದಿದ್ದರೂ ಬರೆಯಬೇಕು. 1931ರಲ್ಲೇ ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೆನ್ರಿಚ್ ಎಂಬಾತ ಒಂದು ಲೆಕ್ಕ ಕೊಟ್ಟಿದ್ದ. ಒಂದು ದೊಡ್ಡ ಗಾಯಕ್ಕೆ 29 ಸಣ್ಣ ಗಾಯ, ಗಾಯವೇ ಆಗದ 300 ಘಟನೆ. ಆ ಅಂಕಿಗಳನ್ನು ಆಮೇಲೆ ಬಹಳ ಜನ ಪ್ರಶ್ನೆ ಮಾಡಿದ್ದಾರೆ, ನನಗೂ ಅದರ ಮೇಲೆ ಅಂಥಾ ನಂಬಿಕೆ ಇಲ್ಲ. ಆದರೆ ಗಾಯ ಆಗದ ಘಟನೆಯನ್ನೂ ಎಣಿಸಬೇಕು ಅನ್ನುವ ಮಾತು ನಿಂತಿದೆ. ಕತ್ತಿ ಬಿದ್ದದ್ದು ನಿಜ. ನನ್ನ ಕಾಲು ಆಚೆ ಇದ್ದದ್ದು ಬರೀ ಅದೃಷ್ಟ.

ನಮ್ಮಲ್ಲಿ 'ಸ್ವಲ್ಪದರಲ್ಲೇ ತಪ್ಪಿತು' ಅನ್ನುವ ಮಾತು ದೇವರಿಗೆ ಕಾಯಿ ಒಡೆಯುವುದರೊಂದಿಗೆ ಮುಗಿಯುತ್ತದೆ. ಕಾಯಿ ಒಡೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ ಇಡಿ. ನಮ್ಮ ಮನೆಯ ಕ್ಯಾಲೆಂಡರ್ ಪಕ್ಕ ಒಂದು ನೇತಾಡುತ್ತದೆ. ದಿನಾಂಕ, ಏನಾಯಿತು, ಏನು ಬದಲಾಯಿಸಿದೆವು, ಇಷ್ಟೇ. ಮೊದಲ ಸಾಲು ಆ ಕತ್ತಿಯದ್ದು. ಅದರ ಮುಂದೆ ಬರೆದದ್ದು: ಕತ್ತಿಗೆ ದಾರ, ದಾರ ಸೊಂಟಕ್ಕೆ. ನೇಣು ಹಿಡಿಯುವವರು ಬುಡದಿಂದ ದೂರ.

ಎಲ್ಲಿಂದ ಶುರು ಮಾಡುವುದು?

ಒಂದು ದಿನ ಬೆಳಗ್ಗೆ ಕೆಲಸ ಮಾಡದೆ ಸುಮ್ನೆ ತೋಟ, ಮನೆ ಸುತ್ತಿ. ಎಂಟು ವರ್ಷದ ಮಗುವನ್ನೋ ಹೊಸದಾಗಿ ಬಂದ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು, ಅವರ ಕಣ್ಣು ಇನ್ನೂ ಒಗ್ಗಿಕೊಂಡಿರುವುದಿಲ್ಲ. ನಮ್ಮ ಬಾವಿಯ ಕಟ್ಟೆ ಗಿಡ್ಡ ಅಂತ ನನಗೆ ತೋರಿಸಿದ್ದು ಅಕ್ಕನ ಮಗಳು. ನಲವತ್ತು ವರ್ಷ ಅದೇ ಬಾವಿಯ ನೀರು ಕುಡಿದಿದ್ದೇನೆ!

ಸಿಕ್ಕಿದ ಪ್ರತಿಯೊಂದಕ್ಕೂ ಎರಡು ಪ್ರಶ್ನೆ. ಆಗುವ ಸಾಧ್ಯತೆ ಎಷ್ಟು? ಆದರೆ ಎಷ್ಟು ಕೆಟ್ಟದ್ದು? ಎರಡಕ್ಕೂ ಒಂದರಿಂದ ಐದರವರೆಗೆ ಅಂಕ ಕೊಟ್ಟು ಗುಣಿಸಿ. ಇಂಬಳ (ಜಿಗಣೆ) ಕಚ್ಚುವುದು ಐದು ಗುಣಿಸು ಒಂದು, ಐದು. ಡೋಟಿ (ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು) ಕರೆಂಟ್ ತಂತಿಗೆ ತಾಗುವುದು ಎರಡು ಗುಣಿಸು ಐದು, ಹತ್ತು. ನಾವು ಮೈಯೆಲ್ಲಾ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುವುದು ಮಾತ್ರ ಇಂಬಳಕ್ಕೆ.

ಹೆಲ್ಮೆಟ್, ಗ್ಲೌಸ್, ಗಂಬೂಟು ತಂದುಕೊಟ್ಟಿದ್ದೇನೆ. ಸಾಕಲ್ವಾ?

ಅದು ಸಾಲಿನ ಕೊನೆಯಲ್ಲಿ ನಿಲ್ಲಬೇಕಾದದ್ದು. ನಾವು ಅದನ್ನೇ ಮೊದಲು ತರುತ್ತೇವೆ, ಯಾಕೆಂದರೆ ಪೇಟೆಯಲ್ಲಿ ಸಿಗುತ್ತದೆ.

ಮೊದಲ ಪ್ರಶ್ನೆ, ಈ ಅಪಾಯವನ್ನೇ ತೆಗೆದುಹಾಕಬಹುದಾ? ನೆಲದಿಂದಲೇ ಕೊನೆ ತೆಗೆಯಲು ಬಂದರೆ ಮರ ಹತ್ತುವುದೇ ಬೇಡ. ಆಗದಿದ್ದರೆ ಕಡಿಮೆ ಅಪಾಯದ್ದು ತರಬಹುದಾ? ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಅಡ್ಡ ಇಡಬಹುದಾ? ಅಡಿಕೆ ಸುಲಿಯುವ ಯಂತ್ರದ ಬೆಲ್ಟಿಗೆ ಜಾಲರಿ, ಬಾವಿಗೆ ಎದೆಮಟ್ಟದ ಕಟ್ಟೆ ಈ ಜಾತಿಗೆ ಸೇರಿದವು. ಆಮೇಲೆ ಬರುವುದು ಕೆಲಸದ ಕ್ರಮ: ಮಳೆ ಬಿದ್ದ ದಿನ ಹತ್ತುವುದು ಬೇಡ, ಒಬ್ಬರೇ ತೋಟಕ್ಕೆ ಹೋಗುವುದು ಬೇಡ, ಸೆರಗು ಸಿಕ್ಕಿಸದೆ ಯಂತ್ರದ ಹತ್ತಿರ ಬರುವುದು ಬೇಡ. ಕಟ್ಟಕಡೆಗೆ ಹೆಲ್ಮೆಟ್ಟು. ಜಾಲರಿಗೆ ನೆನಪಿನ ಶಕ್ತಿ ಬೇಕಾಗಿಲ್ಲ. ಹೆಲ್ಮೆಟ್ ಹಾಕುವವನಿಗೆ ದಿನಾ ನೆನಪಿರಬೇಕು, ಸೆಕೆಯಾದರೂ ತೆಗೆಯಬಾರದು.

ಕಳೆ ಕೊಚ್ಚುವ ಯಂತ್ರಕ್ಕೆ ಮಾತ್ರ ಕನ್ನಡಕ ಬಿಟ್ಟು ಹೋಗಲೇಬೇಡಿ. ಬ್ಲೇಡಿಗೆ ಸಿಕ್ಕಿದ ಕಲ್ಲು ಗುಂಡಿನಂತೆ ಬರುತ್ತದೆ. ಉಳಿದವರು 15 ಮೀಟರ್ ದೂರದಲ್ಲಿರಬೇಕು.

ಡೋಟಿ ಬಂದ ಮೇಲೆ ಮರದಿಂದ ಬೀಳುವುದು ತಪ್ಪಿತು. ಅಲ್ಲಿಗೆ ಮುಗಿಯಿತಲ್ಲ?

ಬೀಳುವುದು ತಪ್ಪಿತು, ಕರೆಂಟ್ ಬಂತು. ಒಂದು ಅಪಾಯ ತೆಗೆದ ಜಾಗದಲ್ಲಿ ಇನ್ನೊಂದು ಬಂದು ಕೂತಿದೆಯಾ ಅಂತ ನೋಡುವುದನ್ನು ನಾವು ಮರೆಯುತ್ತೇವೆ.

ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ಡೋಟಿ ತಂತಿಗೆ ತಾಗಿ ಮಲೆನಾಡು, ಕರಾವಳಿಯಲ್ಲಿ ಎಷ್ಟೋ ಜೀವ ಹೋಗಿವೆ. ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ, ಮರೆತುಹೋಗುತ್ತದೆ. ಈಗ ಕಾರ್ಬನ್ ಫೈಬರ್ ಡೋಟಿ ಬಂದಿದೆ. ಹಗುರ, ಗಟ್ಟಿ, ಬಳುಕುವುದೂ ಕಡಿಮೆ. 'ಇದು ಲೋಹ ಅಲ್ಲ, ಕರೆಂಟ್ ಹೊಡೆಯೋದಿಲ್ಲ' ಅಂತ ನನಗೆ ಒಬ್ಬರಲ್ಲ, ನಾಲ್ಕು ಜನ ಹೇಳಿದ್ದಾರೆ. ತಪ್ಪು. ಕಾರ್ಬನ್ ಕೂಡ ಕರೆಂಟ್ ಹಾಯಿಸುತ್ತದೆ. ಒದ್ದೆಯಾಗಿದ್ದರೆ ಬಿದಿರನ್ನೂ ನಂಬುವ ಹಾಗಿಲ್ಲ. 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನಿಗಾದರೆ ತಾಗಲೇಬೇಕು ಅಂತಲೂ ಇಲ್ಲ, ತೀರಾ ಹತ್ತಿರ ಹೋದರೆ ಕಿಡಿ ಹಾರಿ ಬರುತ್ತದೆ.

ತೋಟದ ಮೇಲೆ ಲೈನ್ ಹೋಗಿದ್ದರೆ ಒಂದು ಕೆಲಸ ಮಾಡಿ. ಡೋಟಿಯನ್ನು ಪೂರ್ತಿ ಉದ್ದ ಮಾಡಿದಾಗ ಯಾವ ಕಡೆ ವಾಲಿ ಬಿದ್ದರೂ ತಂತಿ ಸಿಗುವಂಥ ಮರಗಳನ್ನು ಗುರುತಿಸಿ, ಕಾಂಡಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿಯಿರಿ. ಕೆಂಪು ಪಟ್ಟೆಯ ಮರಕ್ಕೆ ಡೋಟಿ ಇಲ್ಲ. ಮೆಸ್ಕಾಂಗೆ (ನಮ್ಮ ಕಡೆಯ ಕರೆಂಟ್ ಕಂಪನಿ) ಹೇಳಿ ಲೈನಿನ ಕರೆಂಟ್ ತೆಗೆಸಿದ ದಿನವೇ ಆ ಮರಗಳ ಕೊಯ್ಲು. ನಮ್ಮಲ್ಲಿ ಅಂಥವು ಹದಿನೇಳು ಮರ ಇವೆ. ಬಣ್ಣಕ್ಕೆ ಖರ್ಚಾದದ್ದು ಒಂದು ಸಣ್ಣ ಡಬ್ಬಿ.

ಗಾಳಿ ಮಳೆಗೆ ತಂತಿ ಕಡಿದು ಬಿದ್ದಿದ್ದರೆ ಅದು ಸತ್ತಿದೆ ಅಂದುಕೊಳ್ಳಬೇಡಿ. ಹತ್ತಿರ ಯಾರನ್ನೂ ಬಿಡಬೇಡಿ, ಕರೆಂಟ್ ಕಂಪನಿಯ 1912 ನಂಬರಿಗೆ ಫೋನ್ ಮಾಡಿ. ಗೊತ್ತಾಗದೆ ಹತ್ತಿರ ಹೋಗಿಬಿಟ್ಟಿದ್ದರೆ ದೊಡ್ಡ ಹೆಜ್ಜೆ ಹಾಕದೆ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತಾ ಹಿಂದೆ ಸರಿಯಿರಿ.

ಕಾಡುಹಂದಿಗೆ ಅಂತ ಬೇಲಿಗೆ ನೇರ ಮನೆ ಕರೆಂಟ್ ಕೊಡುವವರು ಇನ್ನೂ ಇದ್ದಾರೆ. ಐಬೆಕ್ಸ್ ಬೇಲಿ ಬೇರೆ, ಅದು ಬಿಟ್ಟು ಬಿಟ್ಟು ಕ್ಷಣಮಾತ್ರದ ಏಟು ಕೊಡುತ್ತದೆ, ಕೊಲ್ಲುವುದಿಲ್ಲ. ನೇರ ಕರೆಂಟ್ ಕೊಟ್ಟ ಬೇಲಿ ಕಾನೂನಿಗೆ ವಿರುದ್ಧ, ಅದಕ್ಕೆ ಸಿಕ್ಕುವುದು ಹಂದಿಯೋ ಪಕ್ಕದ ಮನೆಯ ಮಗನೋ ಅಂತ ತಂತಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಎಂಸಿಬಿ ಇದೆ. ಶಾಕ್ ಹೊಡೆದರೆ ಅದು ಬೀಳುತ್ತದಲ್ಲ?

ಇಲ್ಲ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಕಾಯುವುದು ವೈರನ್ನು. ಕರೆಂಟ್ ಸೋರಿದರೆ ಬಿದ್ದು ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನದ್ದು ಹಾಕಿಸಿ, ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಅರ್ಥಿಂಗ್ ಕೂಡ ಸರಿ ಇರಲಿ. ಪಂಪ್‌ಸೆಟ್ ಶೆಡ್ಡನ್ನು ಮರೆಯಬೇಡಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು ಅಲ್ಲೇ.

ಕೊಳೆ ಔಷಧಿ ಬರೀ ಸುಣ್ಣ, ಮೈಲುತುತ್ತ (ಕಾಪರ್ ಸಲ್ಫೇಟ್). ಅದರಲ್ಲಿ ವಿಷ ಏನಿದೆ?

ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಕೀಟನಾಶಕಗಳಿಗೆ ಹೋಲಿಸಿದರೆ ಸಾಧುವೇ. ಆದರೆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿಯುತ್ತದೆ. ಆ ಹೊತ್ತಿಗೆ ಬಗ್ಗಿ ನೋಡುವ ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ತಡ ಮಾಡಿದರೆ ದೃಷ್ಟಿಯೇ ಹೋಗಬಹುದು.

ಉಳಿದದ್ದು ಬೀಳುವ ಅಪಾಯ. ಔಷಧಿ ಹೊಡೆಯುವುದು ಮಳೆ ಬಿಟ್ಟ ಹೊಳವಿನಲ್ಲಿ, ಮರ ಜಾರುವ ಕಾಲದಲ್ಲೇ. 'ಇವತ್ತು ಬಿಟ್ಟರೆ ಕೊಳೆ ಬರುತ್ತದೆ' ಅನ್ನುವ ಅವಸರ ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಸಾಲು ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ.

ಗೋಬರ್ ಗ್ಯಾಸ್ ಗುಂಡಿ, ಹಳೆ ಬಾವಿ ಸ್ವಚ್ಛ ಮಾಡಲು ಇಳಿಯಬಹುದಾ?

ನೀವು ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಸಗಣಿ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಹಾಗಾಗಿ 'ವಾಸನೆ ಹೋಯಿತು' ಅನ್ನಿಸಿದ ಹೊತ್ತೇ ಕೆಟ್ಟ ಹೊತ್ತು. ಹಳೆ ಬಾವಿಯ ತಳದಲ್ಲಿ ಆಮ್ಲಜನಕವೇ ಇಲ್ಲದಿರಬಹುದು. ಬಾವಿಗೆ ಲಾಟೀನು ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ಗ್ಯಾಸ್ ಗುಂಡಿಗೆ ಮಾಡಿದರೆ ಸ್ಫೋಟ.

ಇಂಥ ಕಡೆ ಸಾಯುವವರಲ್ಲಿ ಉಳಿಸಲು ಹೋದವರೇ ಬಹಳ. ಅಣ್ಣ ಕುಸಿದ, ತಮ್ಮ ಹಾರಿದ, ಆಮೇಲೆ ಅಪ್ಪ. ಕಣ್ಣೆದುರು ಮನೆಯವರು ಬಿದ್ದಾಗ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಇದನ್ನು ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು. ಮೇಲಿನಿಂದ ಗಾಳಿ ಊದಿಸಿ, ಹಗ್ಗದಿಂದ ಎಳೆಯಲು ನೋಡಿ, ಅಗ್ನಿಶಾಮಕದವರನ್ನು ಕರೆಯಿರಿ. ಇಳಿಯಬೇಡಿ.

ಇದೇ ಸಾಲಿನಲ್ಲಿ ಗ್ಯಾಸ್ ಗೀಸರ್. ಹಳೆಯ ಬಚ್ಚಲಿನ ಹಂಡೆ ಒಲೆಗೆ ಗಾಳಿಗಂಡಿ ಇತ್ತು, ಹೊಗೆ ಕಣ್ಣಿಗೆ ಕಾಣುತ್ತಿತ್ತು. ಈಗಿನ ಪುಟ್ಟ ಬಾತ್‌ರೂಮಿನಲ್ಲಿ ಕಿಟಕಿ ಮುಚ್ಚಿ ಗೀಸರ್ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಗೀಸರ್ ಹೊರಗಿನ ಗೋಡೆಗೆ ಹೋಗಲಿ.

ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡರೆ ಮುಗಿಯಿತಲ್ಲ?

ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾಗಿ ಅದನ್ನು ಕೊಡುವುದನ್ನೇ ನಿಲ್ಲಿಸಿದ್ದಾರೆ. ಈಗ ಉಳಿದಿರುವುದು ಕಾಯಿಲೆ ಹರಡುವ ಉಣುಗಿನಿಂದ (ರಕ್ತ ಹೀರುವ ಸಣ್ಣ ಹುಳ) ದೂರ ಇರುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆ ಇದು, ಅದಕ್ಕೇ ಆ ಹೆಸರು. 2019ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಮತ್ತೆ ಜೋರಾಗಿ ಬಂತು.

ಡಿಸೆಂಬರ್‌ನಿಂದ ಮೇವರೆಗೆ ಜಾಗ್ರತೆ. ನಾವು ದರಗು (ಉದುರಿದ ಒಣ ಎಲೆ) ಗುಡಿಸಲು, ಸೊಪ್ಪಿಗೆ, ಕಟ್ಟಿಗೆಗೆ ಬೆಟ್ಟ ಹತ್ತುವುದೂ ಆಗಲೇ. ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಸತ್ತ ಮೈಯಿಂದ ಉಣುಗು ಇಳಿದು ಸುತ್ತ ಹರಡಿರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ. ಕಾಡಿಗೆ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, 'ಬೆಟ್ಟಕ್ಕೆ ಹೋಗಿದ್ದೆ' ಅಂತ ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಆ ಒಂದು ಮಾತು ಬೇಕು.

ಹಾವು ಕಚ್ಚಿದರೆ ಮೊದಲು ಕಟ್ಟು ಬಿಗಿಯಬೇಕಾ?

ಬೇಡ. ಕೊಯ್ಯುವುದು, ಹೀರುವುದು, ನಾಟಿ ಮದ್ದು ಅರೆಯುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇಡಿ, ನಡೆಸದೆ ಹೊತ್ತುಕೊಂಡು ಹೋಗಿ. ಹಾವನ್ನು ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ. ಹೊರಡುವ ಮೊದಲು ಫೋನ್ ಮಾಡಿ ಆ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯಾ ಕೇಳಿ, ಇಲ್ಲದಿದ್ದರೆ ದಾರಿ ಬದಲಿಸಿ.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ದರಗೆಲೆಯಲ್ಲಿ ಕೂತಿರುವ ಗುಳಿಮಂಡಲಗಳಿಗೆ, ಕಾಳಿಂಗಕ್ಕೆ ಅದು ಹೊಂದುವುದಿಲ್ಲ. ಅವಕ್ಕೂ ಆಸ್ಪತ್ರೆಯೇ ದಾರಿ, ಉಸಿರಾಟಕ್ಕೆ, ರಕ್ತಕ್ಕೆ ಬೇರೆ ಚಿಕಿತ್ಸೆ ಇದೆ. ಕಟ್ಟುಹಾವು ರಾತ್ರಿ ಮಲಗಿದಲ್ಲಿ ಕಚ್ಚುತ್ತದೆ, ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗುವ ಬದಲು ಮಂಚ, ಸೊಳ್ಳೆಪರದೆಯ ಅಂಚು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ರಾತ್ರಿ ಕೊಟ್ಟಿಗೆಗೆ ಹೋಗುವಾಗ ಟಾರ್ಚ್. 2024ರಿಂದ ಕರ್ನಾಟಕದಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಆ ಕೆಲಸ ಎಷ್ಟೋ ಮೊದಲೇ ಆಗಬೇಕಿತ್ತು.

ಸಿಡಿಲು ಎಷ್ಟು ದೂರದಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮಿಂಚಿದ ಮೇಲೆ ಗುಡುಗಿನವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಇದ್ದರೆ ಒಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಏಪ್ರಿಲ್, ಮೇ ಮಧ್ಯಾಹ್ನದ ಮೋಡ ಕಂಡರೆ ಗದ್ದೆ ಕೆಲಸ ಬೇಗ ಮುಗಿಸಿ. ಮರದಡಿ ನಿಲ್ಲಬೇಡಿ. ದಾಮಿನಿ ಎಂಬ ಆ್ಯಪ್ ಇದೆ, ಫೋನಿನಲ್ಲಿ ಇರಲಿ.

ಮನೆ ಹಿಂದಿನ ಧರೆ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ) ಬೀಳುತ್ತದೆ ಅಂತ ಮೊದಲೇ ಗೊತ್ತಾಗುತ್ತದಾ?

ಎಷ್ಟೋ ಸಲ ಗೊತ್ತಾಗುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ಧರೆಯ ತಲೆಯಲ್ಲಿ ಬಿರುಕು. ನೆಟ್ಟಗಿದ್ದ ಮರ ವಾಲುವುದು. ಮುಚ್ಚುತ್ತಿದ್ದ ಬಾಗಿಲು ಸಿಕ್ಕಿಕೊಳ್ಳುವುದು. ಮಳೆಗಾಲದಲ್ಲಿ ಜಲ ಏಳುವುದು (ನೆಲದೊಳಗಿಂದ ನೀರು ಉಕ್ಕುವುದು) ನಮಗೆ ಹೊಸತಲ್ಲ. ಆದರೆ ತಿಳಿಯಾಗಿ ಬರುತ್ತಿದ್ದ ಜಲ ಒಮ್ಮೆಲೇ ಕೆಂಪಾದರೆ, ಅಥವಾ ಹರಿಯುತ್ತಿದ್ದದ್ದು ನಿಂತರೆ, ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಸೈಟು ದೊಡ್ಡದು ಮಾಡಲು ಜೆಸಿಬಿಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿಸುವುದೇ ಎಷ್ಟೋ ಕಡೆ ಮೂಲ ಕಾರಣ. ನೀರು ಧರೆಯ ಮೇಲಿನಿಂದ ಇಳಿಯದಂತೆ ಮೇ ತಿಂಗಳಲ್ಲೇ ಮೇಲ್ಗಡೆ ಚರಂಡಿ ಬಿಡಿಸಿ.

ಕಾಲುಸಂಕದ (ಹಳ್ಳ ದಾಟುವ ಸಣ್ಣ ಕಾಲುಸೇತುವೆಯ) ಮಾತೂ ಇಲ್ಲೇ ಹೇಳುತ್ತೇನೆ. ಸಂಕದ ಮೇಲೆ ನೀರು ಬಂದಿದ್ದರೆ ದಾಟುವಂತಿಲ್ಲ, ಅಷ್ಟೇ. ಶಾಲೆಗೆ ಹೋಗುವ ಮಕ್ಕಳಿಗೆ 'ವಾಪಸ್ ಬಂದರೆ ಯಾರೂ ಬೈಯುವುದಿಲ್ಲ' ಅಂತ ಜೂನ್ ಒಂದರಂದೇ ಹೇಳಿಡಿ.

ಅಪಾಯ ನಮ್ಮ ಕೆಲಸದಲ್ಲಿಲ್ಲ, ಪಕ್ಕದವರ ಕೆಲಸದಲ್ಲಿದ್ದರೆ?

2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಹತ್ತಿರ ಸ್ಫೋಟಕ ಸಿಡಿದಾಗ ಶಿವಮೊಗ್ಗದ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿದರು. ಪಕ್ಕದ ಜಿಲ್ಲೆಗಳಿಗೂ ಸದ್ದು ಕೇಳಿತ್ತು. ನಿಮ್ಮೂರಿನ ಕ್ವಾರಿಗೆ ಏನು ಬರುತ್ತದೆ, ಎಲ್ಲಿ ಇಡುತ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ. ಗ್ರಾಮಸಭೆಯಲ್ಲಿ ಕೇಳಿ, ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಕೇಳಿದರೆ ಜಗಳಗಂಟ ಅನ್ನಿಸಿಕೊಳ್ಳುತ್ತೀರಿ, ಹತ್ತು ಜನ ಸಹಿ ಹಾಕಿ.

ಎಷ್ಟು ಹೇಳಿದರೂ ಕೆಲಸದವರು ಕೇಳುವುದಿಲ್ಲ. ಏನು ಮಾಡುವುದು?

ಮರದ ಲೆಕ್ಕದಲ್ಲೋ ಕೊನೆಯ ಲೆಕ್ಕದಲ್ಲೋ ದುಡ್ಡು ಕೊಟ್ಟು, ಆಮೇಲೆ ನಿಧಾನ ಮಾಡಿ ಅಂದರೆ ಯಾರು ಕೇಳುತ್ತಾರೆ? ಅವಸರಕ್ಕೆ ಸಂಬಳ ಕೊಡುತ್ತಿರುವುದು ನಾವೇ. ಒದ್ದೆ ದಿನಗಳಿಗೆ ನಾನು ದಿನಗೂಲಿ ಮಾಡಿದೆ. ಖರ್ಚು ಜಾಸ್ತಿ ಆಯಿತು, ಸುಳ್ಳು ಹೇಳುವುದಿಲ್ಲ. ಭಾವ ಇನ್ನೂ ತಮಾಷೆ ಮಾಡುತ್ತಾರೆ, 'ನಿನ್ನ ತೋಟದಲ್ಲಿ ಅಡಿಕೆಗಿಂತ ನೋಟ್‌ಬುಕ್ ಜಾಸ್ತಿ ಮಾರಾಯ' ಅಂತ.

ಇನ್ನೊಂದು ಉಪಾಯ, ನೀವು ಹೇಳಬೇಡಿ, ಅವರನ್ನು ಕೇಳಿ. 'ಇವತ್ತು ಯಾವ ಮರ ಸರಿ ಇಲ್ಲ?' ಅಂತ ಬೆಳಗ್ಗೆ ಕೇಳಿದರೆ ಕೊನೆಗಾರರು ಬೆರಳು ಮಾಡಿ ತೋರಿಸುತ್ತಾರೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ವಿಮೆ ಮಾಡಿಸಿದರೆ ರಿಸ್ಕ್ ಕಡಿಮೆ ಆಗುತ್ತದಾ?

ಬೀಳುವುದು ಕಡಿಮೆ ಆಗುವುದಿಲ್ಲ, ಬಿದ್ದ ಮೇಲಿನ ಸಾಲ ಕಡಿಮೆ ಆಗುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯಿಂದಲೇ ಸೇರಬಹುದು. ಅಪಘಾತದಲ್ಲಿ ಸಾವಾದರೆ 2 ಲಕ್ಷ. ನಿಮ್ಮ ತೋಟಕ್ಕೆ ಬರುವ ಎಲ್ಲರಿಗೂ ಮಾಡಿಸಿ. ಖಾತೆಯಲ್ಲಿ ಮೇ ಕೊನೆಗೆ ಆ 20 ರೂಪಾಯಿ ಇಲ್ಲದೆ ವಿಮೆ ಬಿದ್ದುಹೋದವರನ್ನು ನೋಡಿದ್ದೇನೆ.

ಏನಾದರೂ ಆದರೆ 108ಕ್ಕೆ ಫೋನ್ ಮಾಡಬಹುದು. ನಮ್ಮಲ್ಲಿ ನೆಟ್‌ವರ್ಕೇ ಇಲ್ವಲ್ಲ?

ಇದು ಮಲೆನಾಡಿನವರು ಮಾತ್ರ ಕೇಳುವ ಪ್ರಶ್ನೆ. ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಮನೆಯವರಿಗೆ ಗೊತ್ತಿರುತ್ತದೆ, ಕೆಲಸಕ್ಕೆ ಬಂದವರಿಗೆ ಗೊತ್ತಿರುವುದಿಲ್ಲ. ಮೊದಲ ದಿನವೇ ತೋರಿಸಿ. ನಮ್ಮಲ್ಲಿ ಅದು ಮೇಲಿನ ಗದ್ದೆಯ ಹಲಸಿನ ಮರದ ಬುಡ. ಮರಕ್ಕೆ ಬಿಳಿ ಬಣ್ಣ ಹೊಡೆದು 108, 112, 1912 ಮತ್ತು ಜೀಪು ಇರುವ ಎರಡು ಮನೆಯವರ ನಂಬರ್ ಬರೆದಿದ್ದೇನೆ. ಮನೆಗೆ ಬರುವ ದಾರಿ ಹೇಗೆ ಹೇಳಬೇಕು ಅಂತಲೂ ಕೆಳಗೆ ಎರಡು ಸಾಲು ಇದೆ, ಗಾಬರಿಯಲ್ಲಿ ಊರಿನ ಹೆಸರೇ ಬಾಯಿಗೆ ಬರುವುದಿಲ್ಲ. ಕಳೆದ ಮಳೆಗೆ ಬಣ್ಣ ಸ್ವಲ್ಪ ಮಾಸಿದೆ. ಈ ಸಲ ದಸರಾಕ್ಕೆ ಮೊದಲು ಇನ್ನೊಮ್ಮೆ ಬರೆಯಬೇಕು.